ವಜ್ರದ ಸೆನ್ಸರ್ ಅಂಗೈಗೆ ಬಂತು: ಯಾವ ಕೆಲಸ ಆಗುತ್ತದೆ, ಯಾವುದಕ್ಕೆ ಇನ್ನೂ ಕಾಯಬೇಕು?

ಕಾಂತಕ್ಷೇತ್ರ ಅಳೆಯುವ ವಜ್ರದ ಕ್ವಾಂಟಮ್ ಸೆನ್ಸರ್‌ಗಳ ಸುದ್ದಿ ಈಗ ಮೇಲಿಂದ ಮೇಲೆ ಬರುತ್ತಿದೆ. ಜಿಪಿಎಸ್ ಕೈಕೊಟ್ಟರೂ ವಿಮಾನ ದಾರಿ ತಪ್ಪುವುದಿಲ್ಲ ಅಂತ ಒಂದು ಸುದ್ದಿ. ಹೆಲ್ಮೆಟ್ ಹಾಕಿಕೊಂಡರೆ ಸಾಕು, ಮಿದುಳಿನ ಚಟುವಟಿಕೆ ಕಾಣುತ್ತದೆ ಅಂತ ಇನ್ನೊಂದು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅಂತ ಕರಾರುವಾಕ್ಕಾಗಿ ಹೇಳುತ್ತದೆ ಅಂತ ಮತ್ತೊಂದು. 2025ರಲ್ಲಿ ಬಾಷ್ ಕಂಪನಿ, ಕೃತಕ ವಜ್ರ ಬೆಳೆಸುವ ಎಲಿಮೆಂಟ್ ಸಿಕ್ಸ್ ಜೊತೆ ಸೇರಿ ಕ್ವಾಂಟಮ್ ಸೆನ್ಸರ್‌ಗೆಂದೇ ಜಂಟಿ ಕಂಪನಿ ಮಾಡಿದ ಮೇಲಂತೂ ಈ ಮಾತು ಜೋರಾಗಿದೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಒಂದು ವರದಿ ಇದನ್ನು ಬಹಳ ಸೂಕ್ಷ್ಮವಾದ ಸೆನ್ಸರ್ ಅನ್ನುತ್ತದೆ. ಇನ್ನೊಂದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಅನ್ನುತ್ತದೆ. ಎರಡೂ ಸುಳ್ಳಲ್ಲ. ಆದರೆ ಆ ಸೂಕ್ಷ್ಮ ಸೆನ್ಸರ್ ಬೇರೆ, ಈ ಚಿಕ್ಕ ಸೆನ್ಸರ್ ಬೇರೆ. ಎರಡೂ ಗುಣ ಪೂರ್ತಿಯಾಗಿ ಒಂದೇ ಉಪಕರಣದಲ್ಲಿ ಇನ್ನೂ ಸೇರಿಲ್ಲ. ಯಾಕೆ ಸೇರಿಲ್ಲ ಅನ್ನುವುದು ಗೊತ್ತಾದರೆ, ಯಾವ ಸುದ್ದಿಯನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ವಜ್ರದೊಳಗೆ ಅಳೆಯುವುದು ಯಾರು?

ವಜ್ರ ಅಂದರೆ ಇಂಗಾಲದ ಪರಮಾಣುಗಳ ಬಿಗಿಯಾದ ಜೋಡಣೆ. ಅದರಲ್ಲಿ ಒಂದು ಇಂಗಾಲದ ಜಾಗಕ್ಕೆ ಸಾರಜನಕ ಬಂದು ಕೂತು, ಅದರ ಪಕ್ಕದ ಜಾಗ ಖಾಲಿ ಉಳಿದರೆ ಆ ಜೋಡಿಗೆ ಎನ್‌ವಿ (ನೈಟ್ರೋಜನ್-ವೇಕೆನ್ಸಿ, ಅಂದರೆ ಸಾರಜನಕ ಮತ್ತು ಖಾಲಿ ಜಾಗ) ಕೇಂದ್ರ ಅನ್ನುತ್ತಾರೆ. ಅಳತೆ ಮಾಡುವುದು ಇದೇ. ವಜ್ರ ಇದಕ್ಕೆ ಮನೆ ಮಾತ್ರ.

ಸೆನ್ಸರ್‌ಗೆ ಬೇಕಾದಷ್ಟು ಎನ್‌ವಿ ಕೇಂದ್ರಗಳು ತಾನಾಗಿ ಸಿಗುವುದಿಲ್ಲ. ಹಾಗಾಗಿ ಲ್ಯಾಬ್‌ನಲ್ಲಿ ವಜ್ರ ಬೆಳೆಸುವಾಗಲೇ ಅಳತೆ ಮಾಡಿ ಸಾರಜನಕ ಸೇರಿಸುತ್ತಾರೆ. ಆಮೇಲೆ ಅದರ ಮೇಲೆ ವೇಗದ ಎಲೆಕ್ಟ್ರಾನ್‌ಗಳನ್ನು ಹಾಯಿಸಿ ಕೆಲವು ಇಂಗಾಲದ ಪರಮಾಣುಗಳನ್ನು ಕದಲಿಸುತ್ತಾರೆ. ಅಲ್ಲಿ ಖಾಲಿ ಜಾಗಗಳು ಹುಟ್ಟುತ್ತವೆ. ಕೊನೆಗೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಆ ಖಾಲಿ ಜಾಗಗಳು ಸರಿದಾಡಿ, ಸಾರಜನಕದ ಪಕ್ಕ ಬಂದಾಗ ಅಲ್ಲೇ ನಿಂತುಬಿಡುತ್ತವೆ. ಇಷ್ಟೆಲ್ಲ ಆದ ವಜ್ರ ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗಬಹುದು. ಒಡವೆಯ ಲೆಕ್ಕದ ಶುದ್ಧತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಬೇಕಾದದ್ದು ಹದವಾದ ದೋಷ.

ಈ ವಜ್ರದ ಮೇಲೆ ಹಸಿರು ಲೇಸರ್ ಬಿಟ್ಟರೆ ಅದು ಕೆಂಪು ಬೆಳಕು ಕೊಡುತ್ತದೆ. ಜೊತೆಗೆ ಮೈಕ್ರೊವೇವ್ ಹಾಯಿಸಿ, ರೇಡಿಯೊದಲ್ಲಿ ಸ್ಟೇಷನ್ ಹುಡುಕುವ ಹಾಗೆ ಅದರ ಆವರ್ತನವನ್ನು ನಿಧಾನವಾಗಿ ಬದಲಾಯಿಸುತ್ತಾರೆ. 2.87 ಗಿಗಾಹರ್ಟ್ಜ್ ಹತ್ತಿರ ಬಂದಾಗ ಕೆಂಪು ಬೆಳಕು ಸ್ವಲ್ಪ ಮಂಕಾಗುತ್ತದೆ. ಯಾಕೆಂದರೆ ಆ ಆವರ್ತನದಲ್ಲಿ ಎನ್‌ವಿ ಕೇಂದ್ರದ ಎಲೆಕ್ಟ್ರಾನ್ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ) ಬೇರೆ ಸ್ಥಿತಿಗೆ ಹೋಗುತ್ತದೆ, ಆ ಸ್ಥಿತಿಯಲ್ಲಿ ಅದು ಬೆಳಗುವುದು ಕಡಿಮೆ. ಕಾಂತಕ್ಷೇತ್ರ ಇದ್ದರೆ ಈ ಮಂಕಾಗುವ ಆವರ್ತನ ಎರಡಾಗಿ ಒಡೆದು, ಒಂದು ಮೇಲಕ್ಕೆ ಒಂದು ಕೆಳಕ್ಕೆ ಸರಿಯುತ್ತದೆ. ಎನ್‌ವಿ ಕೇಂದ್ರದ ಅಕ್ಷದ ಉದ್ದಕ್ಕೆ ಒಂದು ಮೈಕ್ರೊಟೆಸ್ಲಾ (ಟೆಸ್ಲಾ ಅನ್ನುವುದು ಕಾಂತಕ್ಷೇತ್ರದ ಮಾನ, ಮೈಕ್ರೊ ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು) ಕ್ಷೇತ್ರ ಇದ್ದರೆ ಸುಮಾರು 28 ಸಾವಿರ ಹರ್ಟ್ಜ್ ಸರಿಯುತ್ತದೆ. ಅಂದರೆ ಕಾಂತಕ್ಷೇತ್ರ ಅಳೆಯುವ ಕೆಲಸ ಆವರ್ತನ ಅಳೆಯುವ ಕೆಲಸವಾಗುತ್ತದೆ. ಆವರ್ತನ ಅಳೆಯುವುದರಲ್ಲಿ ಎಲೆಕ್ಟ್ರಾನಿಕ್ಸ್ ಬಹಳ ಪಳಗಿದೆ. ಆ 28 ಸಾವಿರ ಅನ್ನುವ ಸಂಖ್ಯೆ ಪ್ರಕೃತಿ ಕೊಟ್ಟದ್ದು. ಒಂದು ಸೆನ್ಸರ್‌ನಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ, ವರ್ಷ ಕಳೆದ ಹಾಗೆ ಸವೆಯುವುದೂ ಇಲ್ಲ.

ಇನ್ನೊಂದು ಅನುಕೂಲವೂ ಇದೆ. ವಜ್ರದಲ್ಲಿ ಎನ್‌ವಿ ಕೇಂದ್ರಗಳು ನಾಲ್ಕು ದಿಕ್ಕಿನಲ್ಲಿ ಮಾತ್ರ ಕೂರಬಲ್ಲವು. ಆ ದಿಕ್ಕುಗಳ ನಡುವಿನ ಕೋನವನ್ನು ಹರಳೇ ಗೊತ್ತುಮಾಡಿದೆ. ನಾಲ್ಕನ್ನೂ ಓದಿದರೆ ಕ್ಷೇತ್ರ ಎಷ್ಟಿದೆ ಅನ್ನುವುದರ ಜೊತೆ ಯಾವ ಕಡೆಗಿದೆ ಅನ್ನುವುದೂ ಒಂದೇ ತುಣುಕಿನಿಂದ ಸಿಗುತ್ತದೆ. ಇದೆಲ್ಲ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ. ದ್ರವ ಹೀಲಿಯಂ ಬೇಡ, ನಿರ್ವಾತದ ಪೆಟ್ಟಿಗೆಯೂ ಬೇಡ.

1997ರಲ್ಲಿ ಜರ್ಮನಿಯ ಸಂಶೋಧಕರು ಒಂದೇ ಒಂದು ಎನ್‌ವಿ ಕೇಂದ್ರವನ್ನು ಬೆಳಕಿನಿಂದ ಗುರುತಿಸಿ ಓದಿದರು. 2008ರಲ್ಲಿ ಹಾರ್ವರ್ಡ್ ಮತ್ತು ಸ್ಟುಟ್‌ಗಾರ್ಟ್‌ನ ತಂಡಗಳು ಇದರಿಂದ ಕಾಂತಕ್ಷೇತ್ರ ಅಳೆಯಬಹುದು ಅಂತ ತೋರಿಸಿದವು. ಈಗ ಬರುತ್ತಿರುವ ಉಪಕರಣಗಳೆಲ್ಲ ಅದರ ಮುಂದುವರಿಕೆ.

1.4 ಹರ್ಟ್ಜ್‌ನ ಕಷ್ಟ

ಮೂರು ಅಳತೆ ನೆನಪಿಟ್ಟುಕೊಂಡರೆ ಮುಂದಿನದು ಸುಲಭ. ಮೈಕ್ರೊದ ಸಾವಿರದಲ್ಲಿ ಒಂದು ಪಾಲು ನ್ಯಾನೊ, ನ್ಯಾನೊದ ಸಾವಿರದಲ್ಲಿ ಒಂದು ಪಿಕೊ, ಪಿಕೊದ ಸಾವಿರದಲ್ಲಿ ಒಂದು ಫೆಮ್ಟೊ. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೊಟೆಸ್ಲಾ. ಎದೆಯ ಮೇಲೆ ಸಿಗುವ ಹೃದಯದ ಕಾಂತಕ್ಷೇತ್ರ ಕೆಲವು ಹತ್ತು ಪಿಕೊಟೆಸ್ಲಾ. ಅಂದರೆ ಭೂಮಿಯದ್ದರ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಮಿದುಳಿನದು ಇನ್ನೂ ನೂರಾರು ಪಟ್ಟು ಸಣ್ಣದು, ನೂರು ಫೆಮ್ಟೊಟೆಸ್ಲಾ ಲೆಕ್ಕದಲ್ಲಿ.

ಈಗ ಹೃದಯದ 50 ಪಿಕೊಟೆಸ್ಲಾವನ್ನು ವಜ್ರದಿಂದ ಅಳೆಯಬೇಕು ಅಂತ ಇಟ್ಟುಕೊಳ್ಳಿ. ಆವರ್ತನ ಎಷ್ಟು ಸರಿಯುತ್ತದೆ? ಕೇವಲ 1.4 ಹರ್ಟ್ಜ್. 287 ಕೋಟಿ ಹರ್ಟ್ಜ್‌ನಲ್ಲಿ 1.4! ಸಾಲದ್ದಕ್ಕೆ, ಬೆಳಕು ಮಂಕಾಗುವ ಆ ತಗ್ಗು ಚೂಪಾಗಿಲ್ಲ. ಸಾಮಾನ್ಯ ಸೆನ್ಸರ್ ವಜ್ರದಲ್ಲಿ ಅದರ ಅಗಲವೇ ಲಕ್ಷಗಟ್ಟಲೆ ಹರ್ಟ್ಜ್. ಮಂಕಾಗುವುದೂ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಅಷ್ಟು ಅಗಲದ, ಅಷ್ಟು ಆಳವಿಲ್ಲದ ತಗ್ಗು ಒಂದೂವರೆ ಹರ್ಟ್ಜ್ ಪಕ್ಕಕ್ಕೆ ಸರಿದದ್ದನ್ನು ಹಿಡಿಯಬೇಕು.

ಹಿಡಿಯುವುದು ಹೇಗೆ? ತುಂಬಾ ಬೆಳಕು ಎಣಿಸಬೇಕು. ಬೆಳಕಿನ ಕಣಗಳು ಒಂದೇ ಸಮ ಬರುವುದಿಲ್ಲ, ಎಣಿಕೆಯಲ್ಲಿ ಏರುಪೇರು ಇದ್ದೇ ಇರುತ್ತದೆ. ಜಾಸ್ತಿ ಎಣಿಸಿದಷ್ಟೂ ಈ ಏರುಪೇರಿನ ಪಾಲು ಕಡಿಮೆಯಾಗುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ. ಸೂಕ್ಷ್ಮತೆ ಹತ್ತು ಪಟ್ಟು ಹೆಚ್ಚಬೇಕಾದರೆ ಬೆಳಕು ನೂರು ಪಟ್ಟು ಬೇಕು. ವಜ್ರದ ಸೆನ್ಸರ್ ಚಿಕ್ಕದಾಗುವುದಕ್ಕೆ ಇರುವ ಕಷ್ಟಗಳ ಬೇರು ಇಲ್ಲಿದೆ.

ಚಿಕ್ಕದು ಮಾಡಿದಾಗ ಏನಾಗುತ್ತದೆ

ಬೆಳಕು ಜಾಸ್ತಿ ಬೇಕಾದರೆ ಲೇಸರ್‌ನ ಶಕ್ತಿ ಹೆಚ್ಚಿಸಬೇಕು, ವಜ್ರವೂ ದೊಡ್ಡದಿರಬೇಕು. ಲೇಸರ್ ಶಕ್ತಿ ಹೆಚ್ಚಿಸಿದರೆ ವಜ್ರ ಬಿಸಿಯಾಗುತ್ತದೆ. ಬಿಸಿಯಾದರೆ 2.87 ಗಿಗಾಹರ್ಟ್ಜ್ ಅನ್ನುವ ಆ ಮೂಲ ಸಂಖ್ಯೆಯೇ ಜಾರುತ್ತದೆ, ಒಂದು ಡಿಗ್ರಿಗೆ ಸುಮಾರು 74 ಸಾವಿರ ಹರ್ಟ್ಜ್. ಎರಡು ತಗ್ಗುಗಳಲ್ಲಿ ಒಂದನ್ನೇ ನೋಡುತ್ತಿದ್ದರೆ ಇದು 2.6 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಬಂದ ಹಾಗೆ ಕಾಣುತ್ತದೆ. ಎರಡನ್ನೂ ಓದಿ ಅಂತರ ತೆಗೆದುಕೊಂಡರೆ ಈ ತಪ್ಪು ಕಳೆದುಹೋಗುತ್ತದೆ, ಯಾಕೆಂದರೆ ಬಿಸಿ ಎರಡನ್ನೂ ಒಂದೇ ಕಡೆಗೆ ತಳ್ಳುತ್ತದೆ, ಕಾಂತಕ್ಷೇತ್ರ ಎದುರುಬದುರು ತಳ್ಳುತ್ತದೆ. ಆದರೆ ಅದಕ್ಕೆ ಎಲೆಕ್ಟ್ರಾನಿಕ್ಸ್ ಜಾಸ್ತಿ ಬೇಕು. ಅಂದರೆ ಕರೆಂಟೂ ಜಾಸ್ತಿ.

ಹುಟ್ಟಿದ ಬೆಳಕೂ ಸುಲಭವಾಗಿ ಹೊರಗೆ ಬರುವುದಿಲ್ಲ. ವಜ್ರದ ವಕ್ರೀಭವನ ಸೂಚ್ಯಂಕ 2.4. ಒಡವೆಯಲ್ಲಿ ವಜ್ರ ಹೊಳೆಯುವುದಕ್ಕೆ ಯಾವ ಗುಣ ಕಾರಣವೋ ಅದೇ ಇಲ್ಲಿ ತೊಡಕು. ಒಳಗಿನ ಬೆಳಕು ಗೋಡೆಗೆ ಬಡಿದು ಮತ್ತೆ ಒಳಕ್ಕೇ ಹೋಗುತ್ತದೆ. ಸಪಾಟಾದ ಒಂದು ಮುಖದಿಂದ ಹೊರಬರುವುದು ನೂರರಲ್ಲಿ ಐದು ಪಾಲಿಗಿಂತ ಕಡಿಮೆ. ಅಂಚುಗಳಿಂದ ಬೆಳಕು ಹಿಡಿಯುವುದು, ವಜ್ರದ ಆಕಾರ ಬದಲಿಸುವುದು, ಲೆನ್ಸ್ ಅಂಟಿಸುವುದು, ಹೀಗೆ ಹಲವು ದಾರಿಗಳಿವೆ. ಒಂದೊಂದೂ ಒಂದಿಷ್ಟು ಜಾಗ ತಿನ್ನುತ್ತದೆ.

ಇದು ಎಷ್ಟರ ಮಟ್ಟಿಗೆ ನಿಜ ಅಂತ ತಿಳಿಯಲು ಎರಡು ಪ್ರಯೋಗ ಪಕ್ಕಪಕ್ಕ ಇಟ್ಟು ನೋಡಬೇಕು. 2015ರಲ್ಲಿ ಸ್ಟುಟ್‌ಗಾರ್ಟ್‌ನ ತಂಡ ಪ್ರಯೋಗಾಲಯದ ಮೇಜಿನ ಮೇಲೆ, 20 ಕಿಲೊಹರ್ಟ್ಜ್‌ನಲ್ಲಿ ಏರಿಳಿಯುವ ಕ್ಷೇತ್ರವನ್ನು ಒಂದು ಸೆಕೆಂಡಿನ ಅಳತೆಯಲ್ಲಿ ಒಂದು ಪಿಕೊಟೆಸ್ಲಾಗಿಂತ ತುಸು ಕಡಿಮೆ ಮಟ್ಟಕ್ಕೆ ಹಿಡಿಯಬಹುದು ಅಂತ ತೋರಿಸಿತು. 2019ರಲ್ಲಿ ಎಂಐಟಿಯ ತಂಡ ಮೈಕ್ರೊವೇವ್ ಮೂಲ, ಬೆಳಕಿನ ಫಿಲ್ಟರ್ ಮತ್ತು ಫೋಟೊಡಯೋಡ್‌ಗಳನ್ನು ಮಾಮೂಲಿ ಸಿಲಿಕಾನ್ ಚಿಪ್‌ನ ಮೇಲೆ, ಪ್ರತಿ ಬದಿ 200 ಮೈಕ್ರೊಮೀಟರ್ ಇರುವ ಜಾಗದಲ್ಲಿ ಕೂರಿಸಿತು. ಅದರ ಸೂಕ್ಷ್ಮತೆ 32 ಮೈಕ್ರೊಟೆಸ್ಲಾ. ಅಂದರೆ ಭೂಮಿಯ ಕ್ಷೇತ್ರದಷ್ಟೇ ದೊಡ್ಡದಿದ್ದರೆ ಸರಿಯಾಗಿ ಕಾಣುತ್ತದೆ. ಫೋನಿನೊಳಗಿನ ದಿಕ್ಸೂಚಿ ಚಿಪ್ ಇದಕ್ಕಿಂತ ಎಷ್ಟೋ ಚೆನ್ನಾಗಿ ಅಳೆಯುತ್ತದೆ. ಮುಂದಿನ ಚಿಪ್‌ನಲ್ಲಿ ಅದೇ ತಂಡ 245 ನ್ಯಾನೊಟೆಸ್ಲಾ ಮುಟ್ಟಿತು. ನೂರು ಪಟ್ಟಿಗೂ ಮೀರಿದ ಸುಧಾರಣೆ ಅದು, ಸಣ್ಣ ಸಾಧನೆಯಲ್ಲ. ಆದರೂ ಮೇಜಿನ ಮೇಲಿನ ಪ್ರಯೋಗಕ್ಕೂ ಚಿಪ್‌ಗೂ ಲಕ್ಷ ಪಟ್ಟಿನ ಅಂತರ ಉಳಿದೇ ಇತ್ತು. 2019ರ ಆ ಚಿಪ್‌ಗೆ ಹಸಿರು ಲೇಸರ್ ಬಂದದ್ದು ಹೊರಗಿನಿಂದ ಅನ್ನುವುದೂ ಗಮನಿಸಬೇಕಾದ ವಿಷಯ.

ನಡುವಿನ ದಾರಿಯೂ ಇದೆ, ನನ್ನ ಮಟ್ಟಿಗೆ ಭರವಸೆ ಇರುವುದು ಅಲ್ಲೇ. ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ಆಸ್ಕರ್-ಕ್ಯೂಬ್ ಅನ್ನುವ ವಜ್ರದ ಸೆನ್ಸರ್ ಪ್ರತಿ ಬದಿ ಹತ್ತು ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ ಕೂತು 2021ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಲೇಸರ್, ಮೈಕ್ರೊವೇವ್, ಓದುವ ಎಲೆಕ್ಟ್ರಾನಿಕ್ಸ್ ಎಲ್ಲವೂ ಅದರೊಳಗೇ. ಉಡಾವಣೆಯ ಅಲುಗಾಟ ತಡೆದುಕೊಂಡು ಮೇಲೆ ಹೋಗಿ ಕೆಲಸ ಮಾಡಿತು.

ಎದುರಾಳಿಗಳು ಸುಮ್ನೆ ಕೂತಿಲ್ಲ

ಕಾಂತಕ್ಷೇತ್ರ ಅಳೆಯಲು ವಜ್ರವೇ ಬೇಕಾ? ಈ ವಿಷಯದಲ್ಲಿ ಪರಿಣತರಲ್ಲೇ ಎರಡು ಮಾತಿದೆ.

ವಜ್ರ ಬೇಡ ಅನ್ನುವವರ ವಾದ ಗಟ್ಟಿಯಾಗಿದೆ. ಅತಿ ಸೂಕ್ಷ್ಮ ಅಳತೆಗೆ ಸ್ಕ್ವಿಡ್ ಇದೆ. ಅದು ಅತಿವಾಹಕದಿಂದ ಮಾಡಿದ್ದು, ಫೆಮ್ಟೊಟೆಸ್ಲಾ ಮಟ್ಟಕ್ಕೆ ಇಳಿಯುತ್ತದೆ, ಆದರೆ ದ್ರವ ಹೀಲಿಯಂ ಅಥವಾ ದ್ರವ ಸಾರಜನಕದ ತಂಪು ಬೇಕು. ತಂಪು ಬೇಡ ಅಂದರೆ ರುಬಿಡಿಯಂನಂತಹ ಲೋಹದ ಆವಿ ತುಂಬಿದ ಪುಟ್ಟ ಗಾಜಿನ ಕೋಶಗಳಿವೆ. ಇವೂ ಫೆಮ್ಟೊಟೆಸ್ಲಾ ಮುಟ್ಟುತ್ತವೆ. ಮಾಮೂಲಿ ಕೆಲಸಕ್ಕೆ ಫ್ಲಕ್ಸ್‌ಗೇಟ್ ಇದೆ, ಲೋಹದ ತಿರುಳಿಗೆ ತಂತಿ ಸುರುಳಿ ಸುತ್ತಿ ಮಾಡಿದ ಸೆನ್ಸರ್. ಹತ್ತಾರು ವರ್ಷಗಳಿಂದ ಉಪಗ್ರಹಗಳಲ್ಲಿ ಹಾರಾಡಿ ಪಳಗಿದ ತಂತ್ರ, ಹತ್ತು ಪಿಕೊಟೆಸ್ಲಾದಷ್ಟು ಸಣ್ಣ ಬದಲಾವಣೆಯನ್ನೂ ಹೇಳಬಲ್ಲದು. ಇಷ್ಟೆಲ್ಲ ಇರುವಾಗ ಲೇಸರ್, ಮೈಕ್ರೊವೇವ್ ಅಂತ ಹೊಸ ತಲೆನೋವು ಯಾಕೆ ಅನ್ನುವುದು ಅವರ ಪ್ರಶ್ನೆ.

ವಜ್ರ ಬೇಕು ಅನ್ನುವವರು ಈ ಒಂದೊಂದರ ಷರತ್ತು ನೋಡಿ ಅನ್ನುತ್ತಾರೆ. ಫೆಮ್ಟೊಟೆಸ್ಲಾ ಮುಟ್ಟುವ ಆವಿ ಕೋಶಗಳಿಗೆ ಹೆಚ್ಚುಕಡಿಮೆ ಸೊನ್ನೆ ಕ್ಷೇತ್ರ ಬೇಕು. ಅದಕ್ಕೆ ಭೂಮಿಯ ಕ್ಷೇತ್ರವನ್ನು ತಡೆಯುವ ವಿಶೇಷ ಕೋಣೆ ಕಟ್ಟಬೇಕು. ಭೂಮಿಯ ಕ್ಷೇತ್ರದಲ್ಲೇ ಕೆಲಸ ಮಾಡುವ ಆವಿ ಸೆನ್ಸರ್‌ಗಳು ಕ್ಷೇತ್ರ ಎಷ್ಟು ಅಂತ ಹೇಳುತ್ತವೆ, ಯಾವ ಕಡೆಗೆ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಫ್ಲಕ್ಸ್‌ಗೇಟ್ ದಿಕ್ಕು ಹೇಳುತ್ತದೆ, ಆದರೆ ಬಿಸಿಲು ಚಳಿಗೆ ಅದರ ಓದು ಜಾರುತ್ತದೆ. 2013ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಸ್ವಾರ್ಮ್ ಉಪಗ್ರಹಗಳಲ್ಲಿ ಫ್ಲಕ್ಸ್‌ಗೇಟ್ ಜೊತೆಗೆ, ಅದನ್ನು ತಿದ್ದಲು ಹೀಲಿಯಂ ಪರಮಾಣುಗಳ ಇನ್ನೊಂದು ಸೆನ್ಸರ್ ಇಟ್ಟದ್ದು ಇದಕ್ಕೇ. ವಜ್ರಕ್ಕೆ ತಂಪು ಬೇಡ, ಕೋಣೆ ಬೇಡ, ದಿಕ್ಕು ತಪ್ಪುವುದಿಲ್ಲ. ಕ್ಷೇತ್ರ ದೊಡ್ಡದಾದರೂ ಹೆದರುವುದಿಲ್ಲ.

ಎರಡೂ ಕಡೆಯವರು ಹೇಳುವುದು ಸರಿ. ಜಗಳ ಇರುವುದು ಕೆಲಸದ ಆಯ್ಕೆಯಲ್ಲಿ. ಸೂಕ್ಷ್ಮತೆಯೊಂದೇ ಪಂದ್ಯವಾದರೆ ವಜ್ರ ಇವತ್ತು ಗೆಲ್ಲುವುದಿಲ್ಲ. ಹತ್ತಿರ ಹೋಗುವುದು ಪಂದ್ಯವಾದರೆ ಕಥೆ ಬೇರೆ.

ಹತ್ತಿರ ಹೋದಷ್ಟೂ ಲಾಭ

ಪುಟ್ಟ ಅಯಸ್ಕಾಂತವೊಂದರ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು. ಹತ್ತು ಪಟ್ಟಾದರೆ ಸಾವಿರದಲ್ಲಿ ಒಂದು. ತಿರುಗಿಸಿ ನೋಡಿ: ಹತ್ತು ಪಟ್ಟು ಹತ್ತಿರ ಹೋಗಬಲ್ಲ ಸೆನ್ಸರ್, ಸೂಕ್ಷ್ಮತೆಯಲ್ಲಿ ಸಾವಿರ ಪಟ್ಟು ಹಿಂದಿದ್ದರೂ ಸರಿಸಮ ನಿಲ್ಲುತ್ತದೆ. ಸ್ಕ್ವಿಡ್‌ಗೆ ತಂಪಿನ ಪಾತ್ರೆಯ ಗೋಡೆ ಅಡ್ಡ. ಆವಿ ಕೋಶಕ್ಕೆ ಗಾಜು ಮತ್ತು ಬಿಸಿ ಅಡ್ಡ. ವಜ್ರದಲ್ಲಿ ಎನ್‌ವಿ ಕೇಂದ್ರಗಳನ್ನು ಮೇಲ್ಮೈಯಿಂದ ಕೆಲವೇ ನ್ಯಾನೊಮೀಟರ್ ಕೆಳಗೆ ಇಡಬಹುದು.

ಹಾಗಾಗಿಯೇ ಕಲ್ಲು ಓದುವವರು ಇದನ್ನು ಬೇಗ ಹಿಡಿದುಕೊಂಡರು. 1940ರಲ್ಲಿ ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ ಬಿದ್ದ ಉಲ್ಕಾಶಿಲೆಯೊಳಗಿನ ಸಣ್ಣ ಕಾಳುಗಳನ್ನು ಸ್ಕ್ವಿಡ್ ಮತ್ತು ವಜ್ರದ ಸೆನ್ಸರ್ ಎರಡರಿಂದಲೂ ಅಳೆದು, ಸೌರವ್ಯೂಹ ಹುಟ್ಟುವಾಗಿನ ಕಾಂತಕ್ಷೇತ್ರ 5ರಿಂದ 54 ಮೈಕ್ರೊಟೆಸ್ಲಾ ಇತ್ತು ಅಂತ 2014ರಲ್ಲಿ ಲೆಕ್ಕ ಹಾಕಿದರು. ಚಿಪ್‌ನೊಳಗೆ ಕರೆಂಟ್ ಎಲ್ಲೆಲ್ಲಿ ಹರಿಯುತ್ತಿದೆ ಅಂತ ಬಿಚ್ಚದೆ ನೋಡಲೂ ಇದೇ ಬಗೆಯ ಸೂಕ್ಷ್ಮದರ್ಶಕ ಬಳಕೆಯಾಗುತ್ತಿದೆ.

ಬ್ಯಾಟರಿಯ ಲೆಕ್ಕ

ದಿನಬಳಕೆಗೆ ಮೊದಲು ಬರಬಹುದಾದದ್ದು ಕರೆಂಟ್ ಅಳೆಯುವ ಕೆಲಸ ಅಂತ ನನಗನಿಸುತ್ತದೆ. ಸುದ್ದಿಯಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ.

ಎಲೆಕ್ಟ್ರಿಕ್ ಕಾರು ಜೋರಾಗಿ ಓಡುವಾಗ ನೂರಾರು ಆಂಪಿಯರ್ ಹರಿಯುತ್ತದೆ. ನಿಂತಾಗ ತೀರಾ ಕಡಿಮೆ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ ಕೂಡಿಸಿ ಕಳೆದು ಉಳಿದ ಚಾರ್ಜ್ ಅಂದಾಜು ಮಾಡುತ್ತಾರೆ. ದೊಡ್ಡ ಕರೆಂಟ್‌ಗೆ ಮಾಡಿದ ಸೆನ್ಸರ್ ಸಣ್ಣ ಕರೆಂಟ್‌ನಲ್ಲಿ ತಪ್ಪುತ್ತದೆ. ಆ ಸಣ್ಣ ತಪ್ಪು ಗಂಟೆಗಟ್ಟಲೆ ಕೂಡುತ್ತಾ ಹೋಗುತ್ತದೆ. ಕೊನೆಗೆ ತಯಾರಕರು ಭದ್ರತೆಗೆ ಅಂತ ಬ್ಯಾಟರಿಯ ಸುಮಾರು ಹತ್ತನೇ ಒಂದು ಪಾಲನ್ನು ಮುಟ್ಟದೆ ಬಿಡಬೇಕಾಗುತ್ತದೆ. ಆ ಪಾಲಿನ ತೂಕವನ್ನು ಕಾರು ಜೀವನಪೂರ್ತಿ ಹೊತ್ತು ತಿರುಗುತ್ತದೆ.

ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಒಂದು ಆಂಪಿಯರ್ ಕರೆಂಟ್ 20 ಮೈಕ್ರೊಟೆಸ್ಲಾ ಕ್ಷೇತ್ರ ಹುಟ್ಟಿಸುತ್ತದೆ. 10 ಮಿಲಿಆಂಪಿಯರ್ ಅಂದರೆ 200 ನ್ಯಾನೊಟೆಸ್ಲಾ. ಪುಟ್ಟ ವಜ್ರದ ಸೆನ್ಸರ್‌ಗೆ ಇದು ನಿಲುಕುವ ಅಳತೆ. ಸಾವಿರ ಆಂಪಿಯರ್ ಬಂದರೂ ಮೈಕ್ರೊವೇವ್ ಆವರ್ತನವನ್ನು ಬೆನ್ನುಹತ್ತಿ ಬದಲಾಯಿಸುತ್ತಾ ಹೋದರಾಯಿತು, ಸೆನ್ಸರ್ ತುಂಬಿ ನಿಲ್ಲುವುದಿಲ್ಲ. 2022ರಲ್ಲಿ ಟೋಕಿಯೊದ ಸಂಶೋಧಕರು ಕರೆಂಟ್ ಹರಿಯುವ ಲೋಹದ ಪಟ್ಟಿಯ ಎರಡೂ ಬದಿಗೆ ಒಂದೊಂದು ವಜ್ರದ ಸೆನ್ಸರ್ ಇಟ್ಟು ಇದನ್ನು ತೋರಿಸಿದರು. ಪಟ್ಟಿಯ ಕ್ಷೇತ್ರ ಎರಡು ಬದಿಯಲ್ಲಿ ಎದುರುಬದುರು ದಿಕ್ಕಿನಲ್ಲಿರುತ್ತದೆ. ಹೊರಗಿನಿಂದ ಬಂದ ಕ್ಷೇತ್ರ ಎರಡರಲ್ಲೂ ಒಂದೇ ಥರ. ಒಂದರಿಂದ ಇನ್ನೊಂದನ್ನು ಕಳೆದರೆ ಹೊರಗಿನದು ಮಾಯ. ಹೀಗೆ 10 ಮಿಲಿಆಂಪಿಯರ್ ಮಟ್ಟದ ನಿಖರತೆ ಸಿಕ್ಕಿತು.

ಅಡ್ಡಿ ಏನೆಂದರೆ ಬೆಲೆ. ಈಗಿನ ಕರೆಂಟ್ ಸೆನ್ಸರ್‌ಗಳು ಅಗ್ಗದ ಬಿಡಿಭಾಗ. ವಜ್ರದ ಸೆನ್ಸರ್ ಉಳಿಸುವ ಬ್ಯಾಟರಿಯ ಹಣ ಅದರ ಖರ್ಚಿಗಿಂತ ಜಾಸ್ತಿ ಆಗಬೇಕು.

ಜಿಪಿಎಸ್ ಬದಲಿಗೆ ಬರುತ್ತದಾ?

ಬಾಲ್ಟಿಕ್ ಸಮುದ್ರದ ಸುತ್ತ ಜಿಪಿಎಸ್ ಸಿಗ್ನಲ್‌ಗೆ ಅಡ್ಡಿ ಮಾಡುವುದು ಹೆಚ್ಚಾದ ಮೇಲೆ ಈ ಪ್ರಶ್ನೆಗೆ ತುರ್ತು ಬಂದಿದೆ. ಉಪಾಯ ಇಷ್ಟೇ: ನೆಲದಡಿಯ ಕಲ್ಲುಗಳಿಂದಾಗಿ ಭೂಮಿಯ ಕ್ಷೇತ್ರ ಜಾಗದಿಂದ ಜಾಗಕ್ಕೆ ಹತ್ತಾರರಿಂದ ನೂರಾರು ನ್ಯಾನೊಟೆಸ್ಲಾ ಏರಿಳಿಯುತ್ತದೆ. ಅದರ ನಕ್ಷೆ ಇದ್ದರೆ, ಹಾರುತ್ತಾ ಅಳೆದು, ನಕ್ಷೆಗೆ ಹೊಂದಿಸಿ ಎಲ್ಲಿದ್ದೇವೆ ಅಂತ ತಿಳಿಯಬಹುದು. ಈ ಸಿಗ್ನಲ್‌ಗೆ ಯಾರೂ ಅಡ್ಡಿ ಮಾಡಲಾರರು.

ಆದರೆ ಇಲ್ಲಿ ಸೆನ್ಸರ್ ದುರ್ಬಲ ಕೊಂಡಿಯಲ್ಲ. ಒಂದು ನ್ಯಾನೊಟೆಸ್ಲಾ ಅಳೆಯಬಲ್ಲ ಸೆನ್ಸರ್ ಸಾಕು. ಕಷ್ಟ ಇರುವುದು ವಿಮಾನದಲ್ಲೇ. ಅದರ ಕಬ್ಬಿಣ, ಮೋಟಾರು, ವೈರಿಂಗ್ ಎಲ್ಲವೂ ಕ್ಷೇತ್ರ ಹುಟ್ಟಿಸುತ್ತವೆ. ಸೂರ್ಯನ ಚಟುವಟಿಕೆಯಿಂದ ಭೂಮಿಯ ಕ್ಷೇತ್ರ ದಿನವೂ ಅಲುಗುತ್ತದೆ. ಎತ್ತರಕ್ಕೆ ಹೋದಷ್ಟೂ ನೆಲದ ಗುರುತುಗಳು ಮಸುಕಾಗುತ್ತವೆ. ಸಮುದ್ರದ ಎಷ್ಟೋ ಕಡೆ ಒಳ್ಳೆಯ ನಕ್ಷೆಯೇ ಇಲ್ಲ. ವಜ್ರದ ಸೆನ್ಸರ್ ದಿಕ್ಕನ್ನೂ ಹೇಳುವುದರಿಂದ ವಿಮಾನದ ಗದ್ದಲವನ್ನು ಬೇರ್ಪಡಿಸಲು ನೆರವಾಗಬಹುದು. ಅದರ ಬೆಲೆ ಅಲ್ಲಿದೆ, ಬರೀ ಸೂಕ್ಷ್ಮತೆಯಲ್ಲಿ ಅಲ್ಲ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 2025ರಲ್ಲಿ ಆಸ್ಟ್ರೇಲಿಯಾದ ಕ್ಯೂ-ಸಿಟಿಆರ್‌ಎಲ್ ಕಂಪನಿ ವಿಮಾನದಲ್ಲಿ ನಡೆಸಿದ ಪರೀಕ್ಷೆ ಬಹಳ ಸದ್ದು ಮಾಡಿತು. ಅದರಲ್ಲಿ ಇದ್ದದ್ದು ಪರಮಾಣು ಆವಿಯ ಸೆನ್ಸರ್, ವಜ್ರವಲ್ಲ. ಕ್ವಾಂಟಮ್ ಅನ್ನುವ ಒಂದೇ ಪದದಡಿ ಎರಡೂ ಬಂದುಬಿಡುತ್ತವೆ.

ಹೃದಯ, ಮಿದುಳು

ಹೆಲ್ಮೆಟ್ ಸುದ್ದಿಯದ್ದೂ ಇದೇ ಕಥೆ. 2018ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ತಂಡ ತಲೆಗೆ ಹಾಕಿಕೊಂಡು ಅಲುಗಾಡಬಹುದಾದ ಮಿದುಳಿನ ಸ್ಕ್ಯಾನರ್ ತೋರಿಸಿತು. ಅದೂ ರುಬಿಡಿಯಂ ಆವಿಯದ್ದು, ಕ್ಷೇತ್ರ ತಡೆಯುವ ಕೋಣೆಯೊಳಗೆ ನಡೆದದ್ದು.

ವಜ್ರ ಜೀವಕೋಶದ ಸಿಗ್ನಲ್ ಹಿಡಿದಿದೆ, ನಿಜ. 2016ರಲ್ಲಿ ಹಾರ್ವರ್ಡ್ ತಂಡ ಸಮುದ್ರದ ಹುಳುವೊಂದರ ಒಂದೇ ನರದ ಮಿಡಿತವನ್ನು ವಜ್ರದಿಂದ ಅಳೆಯಿತು, ನರವನ್ನು ವಜ್ರದ ಪಕ್ಕದಲ್ಲೇ ಇಟ್ಟು. 2022ರಲ್ಲಿ ಜಪಾನಿನ ತಂಡ ಜೀವಂತ ಇಲಿಯ ಹೃದಯದ ಕಾಂತಚಿತ್ರ ತೆಗೆಯಿತು, ಎದೆ ತೆರೆದು ಸೆನ್ಸರ್ ಅನ್ನು ಹೃದಯದ ಹತ್ತಿರ ಒಯ್ದು. ಎರಡರಲ್ಲೂ ಗೆಲುವು ತಂದದ್ದು ಹತ್ತಿರ. ಮನುಷ್ಯನ ಹೃದಯವನ್ನು ಚರ್ಮದ ಹೊರಗಿನಿಂದ, ಆಸ್ಪತ್ರೆಯ ಮಾಮೂಲಿ ಕೋಣೆಯಲ್ಲಿ ಅಳೆಯಬೇಕಾದರೆ ಮೇಜಿನ ಮೇಲಿನ ಸೂಕ್ಷ್ಮತೆ ಪುಟ್ಟ ಪೆಟ್ಟಿಗೆಗೆ ಇಳಿಯಬೇಕು. ಜೊತೆಗೆ ಲಿಫ್ಟು, ವಾಹನಗಳ ಗದ್ದಲ ಕಳೆಯಬೇಕು. ಮಿದುಳು ಅದಕ್ಕಿಂತ ಆಚೆಯದು.

ಮುಂದೆ ಯಾವುದನ್ನು ನೋಡಬೇಕು

ಮುಂದಿನ ಸುದ್ದಿ ಬಂದಾಗ ಸೂಕ್ಷ್ಮತೆಯ ಸಂಖ್ಯೆಯೊಂದನ್ನೇ ನೋಡಬೇಡಿ. ಅದು ಯಾವ ಆವರ್ತನದಲ್ಲಿ ಸಿಕ್ಕಿತು ಅಂತ ನೋಡಿ. ಕಿಲೊಹರ್ಟ್ಜ್‌ನಲ್ಲಿ ಸಿಕ್ಕ ಸೂಕ್ಷ್ಮತೆ, ಸೆಕೆಂಡಿಗೆ ಒಂದು ಸಲ ಬಡಿಯುವ ಹೃದಯಕ್ಕೆ ಹಾಗೇ ಸಿಗುವುದಿಲ್ಲ, ಯಾಕೆಂದರೆ ನಿಧಾನದ ಬದಲಾವಣೆಗಳಲ್ಲಿ ಬಿಸಿಯ ಜಾರುವಿಕೆ, ಲೇಸರ್‌ನ ಅಲುಗಾಟ ಎಲ್ಲ ಬೆರೆಯುತ್ತವೆ. ಹೇಳಿದ ಗಾತ್ರದಲ್ಲಿ ಲೇಸರ್ ಮತ್ತು ಮೈಕ್ರೊವೇವ್ ಪೆಟ್ಟಿಗೆ ಸೇರಿದೆಯಾ, ಅಥವಾ ತುದಿಯ ವಜ್ರದ ಗಾತ್ರ ಮಾತ್ರವಾ ಅಂತಲೂ ನೋಡಿ. ಎಷ್ಟು ವಾಟ್ ಬೇಕು ಅನ್ನುವುದಂತೂ ಡ್ರೋನ್‌ಗೂ ಉಪಗ್ರಹಕ್ಕೂ ಅಳಿವು ಉಳಿವಿನ ಪ್ರಶ್ನೆ.

ಉಳಿದದ್ದು ವಜ್ರವೇ. ನೈಸರ್ಗಿಕ ಇಂಗಾಲದಲ್ಲಿ ನೂರಕ್ಕೆ 1.1 ಪಾಲು ಇಂಗಾಲ-13 ಇರುತ್ತದೆ. ಅದರ ಬೀಜಕೇಂದ್ರವೇ ಒಂದು ಪುಟ್ಟ ಅಯಸ್ಕಾಂತ, ಪಕ್ಕದ ಎನ್‌ವಿ ಕೇಂದ್ರಕ್ಕೆ ಕಿರಿಕಿರಿ. ಅದನ್ನು ಬೇರ್ಪಡಿಸಿದ ಇಂಗಾಲದಿಂದ ಬೆಳೆಸಿದರೆ ತಗ್ಗು ಚೂಪಾಗುತ್ತದೆ, ಖರ್ಚು ಏರುತ್ತದೆ. ಸಾರಜನಕ ಜಾಸ್ತಿ ಹಾಕಿದರೆ ಬೆಳಕು ಜಾಸ್ತಿ, ಆದರೆ ಉಳಿದ ಸಾರಜನಕ ಅದೇ ತಗ್ಗನ್ನು ಅಗಲ ಮಾಡುತ್ತದೆ. ಈ ಹದವನ್ನು ಒಂದು ತುಣುಕಿನಲ್ಲಿ ಸಾಧಿಸಿದವರು ಹಲವರಿದ್ದಾರೆ. ಸಾವಿರಾರು ತುಣುಕುಗಳಲ್ಲಿ ಒಂದೇ ಥರ ತರುವುದು, ಅದೂ ಕಾರಿನ ಬಿಡಿಭಾಗದ ಬೆಲೆಯಲ್ಲಿ, ಇನ್ನೂ ನಡೆಯುತ್ತಿರುವ ಕೆಲಸ. ಅದು ಮುಗಿಯುವವರೆಗೆ ಈ ಸೆನ್ಸರ್‌ಗಳು ಜಾಸ್ತಿ ಕಾಣಿಸುವುದು ಪ್ರಯೋಗಾಲಯ, ಚಿಪ್ ಪರೀಕ್ಷಾ ಕೇಂದ್ರ ಮತ್ತು ಉಪಗ್ರಹಗಳಲ್ಲಿ.